ಸಿಸಿ ಮತ್ತು ಎತ್ತಿನ ಹಲ್ಲು

ಗಣಂಗೂರು ಟೋಲ್‌ಗೇಟಿನ ಹತ್ತಿರ, ಸರ್ವಿಸ್ ರಸ್ತೆಯ ಟೀ ಅಂಗಡಿಯಲ್ಲಿ ಹುಡುಗನೊಬ್ಬ ಗೊಣಗುತ್ತಿದ್ದ. “ನಂದು 650 ಸಿಸಿ ಗಾಡಿ. ಇದನ್ನೂ ಟಿವಿಎಸ್ ಎಕ್ಸ್‌ಎಲ್ ಜೊತೇಲೇ ಓಡ್ಸು ಅಂದ್ರೆ ಹೆಂಗ್ಲಾ?” 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಬೈಕುಗಳನ್ನು ಬಿಡುತ್ತಿಲ್ಲ; ಎಂಜಿನ್ ಎಷ್ಟು ದೊಡ್ಡದೆಂದು ಯಾರೂ ಕೇಳುವುದಿಲ್ಲ. ಜೊತೆಗಿದ್ದವನು ಸಮಾಧಾನ ಹೇಳಿದ: “ಬಿಡ್ಲಾ, ಮೋಟೋಜಿಪಿನೋರೇ 2027ಕ್ಕೆ ಸಾವಿರದಿಂದ 850ಕ್ಕೆ ಇಳಿಸ್ತಾವ್ರೆ. ಇನ್ಮೇಲೆ ಅಲ್ಲೂ ನಿಧಾನವೇ.”

ಸಿಸಿ ಇಳಿದರೆ ವೇಗ ಇಳಿಯುತ್ತದೆ ಎಂಬುದು ಟೀ ಅಂಗಡಿಯ ನಂಬಿಕೆ ಮಾತ್ರವಲ್ಲ, ನಿಯಮ ಬರೆಯುವವರೂ ಒಮ್ಮೆ ಹಾಗೇ ನಂಬಿದ್ದರು. ಸಿಸಿ ಒಂದನ್ನೇ ಹಿಡಿದು ಎಂಜಿನ್ನಿಗೆ ಮೂಗುದಾರ ಹಾಕಲು ಆಗುವುದಿಲ್ಲ ಎಂಬುದು ನನ್ನ ವಾದ.

ಬೈಕ್ ರೇಸಿನ ವಿಶ್ವ ಚಾಂಪಿಯನ್‌ಶಿಪ್ ಆದ ಮೋಟೋಜಿಪಿಯಲ್ಲಿ 2007ರಲ್ಲಿ ಸುರಕ್ಷತೆಯ ಹೆಸರಿನಲ್ಲಿ 990 ಸಿಸಿಯನ್ನು 800ಕ್ಕೆ ಇಳಿಸಿದರು. ಮೊದಲ ರೇಸು ಕತಾರಿನಲ್ಲಿ. ಕೇಸಿ ಸ್ಟೋನರ್‌ನ ಡುಕಾಟಿ ನೇರ ಹಾದಿಯಲ್ಲಿ ವ್ಯಾಲೆಂಟಿನೋ ರೋಸ್ಸಿಯ ಯಮಹಾವನ್ನು ಸುತ್ತು ಸುತ್ತಿಗೂ ಹಿಂದೆ ಹಾಕಿತು. ಆ ವರ್ಷ ಸ್ಟೋನರ್ 10 ರೇಸು ಗೆದ್ದು ಚಾಂಪಿಯನ್ ಆದ. ಎಂಜಿನ್ ಚಿಕ್ಕದಾದಾಗ ಕಂಪನಿಗಳು ಕೈಕಟ್ಟಿ ಕೂರಲಿಲ್ಲ. ಕಳೆದುಕೊಂಡ ಸಿಸಿಯನ್ನು ಆರ್‌ಪಿಎಂನಲ್ಲಿ ವಸೂಲಿ ಮಾಡಿದವು. ಡುಕಾಟಿಯಲ್ಲಿ ವಾಲ್ವನ್ನು ಮುಚ್ಚುವುದು ಸ್ಪ್ರಿಂಗ್ ಅಲ್ಲ, ಕ್ಯಾಮ್. ಹಾಗಾಗಿ ಆರ್‌ಪಿಎಂ ಏರಿಸುವ ಆ ಪೈಪೋಟಿಯಲ್ಲಿ ಅದಕ್ಕೆ ಅನುಕೂಲ ಹೆಚ್ಚು. ನೇರದಲ್ಲಿ ಒಂದಿಷ್ಟು ಕಳೆದುಕೊಂಡ ಗಾಡಿಗಳೂ ತಿರುವಿನೊಳಗೆ ಮೊದಲಿಗಿಂತ ಜೋರಾಗಿ ನುಗ್ಗತೊಡಗಿದವು. ಸವಾರ ಬೀಳುವುದು ಹೆಚ್ಚಾಗಿ ಅಲ್ಲೇ.

ಬೇಬಿಬೆಟ್ಟದ ದನದ ಜಾತ್ರೆಗೆ ಹೋದವರಿಗೆ, ಒಂದೇ ಅಂಕಿ ಸಾಲದು ಎಂಬುದು ಬೇಗ ಅರ್ಥವಾಗುತ್ತದೆ. ಅಲ್ಲಿ ಬಹುಮಾನದ ವಿಭಾಗಗಳೆಲ್ಲ ಹಲ್ಲಿನ ಮೇಲೆ: ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಅಂದರೆ ಹಲ್ಲೆಲ್ಲ ಬಂದದ್ದು. ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿ ಜಾತ್ರೆಯಲ್ಲೂ ಮಾತು ಶುರುವಾಗುವುದು “ಎಷ್ಟಲ್ಲು?” ಎಂದೇ. ನಾಗಮಂಗಲದ ಕಡೆಯಿಂದ ಹಳ್ಳಿಕಾರ್ ಜೋಡಿ ಹಿಡಿದು ಬಂದವನು ಎತ್ತಿನ ಬಾಯಿ ಬಿಡಿಸಿ ತೋರಿಸುತ್ತಾನೆ. ಮೋಸಕ್ಕೆ ಜಾಗವಿಲ್ಲ, ಯಾರು ಬೇಕಾದರೂ ಎಣಿಸಬಹುದು. ಆದರೆ ಹಲ್ಲು ನೋಡಿ ದುಡ್ಡು ಬಿಚ್ಚುವ ರೈತನನ್ನು ನಾನು ಕಂಡಿಲ್ಲ. ಅವನು ಗೊರಸು ನೋಡುತ್ತಾನೆ, ಹೆಗಲ ಮೇಲೆ ಕೈಯಾಡಿಸುತ್ತಾನೆ, ಹತ್ತು ಹೆಜ್ಜೆ ನಡೆಸಿ ಹಿಂಗಾಲು ಎಲ್ಲಿ ಬೀಳುತ್ತದೆಂದು ಗಮನಿಸುತ್ತಾನೆ. ಹಲ್ಲು ವಯಸ್ಸು ಹೇಳುತ್ತದೆ, ನೊಗ ಎಳೆಯುವ ಶಕ್ತಿಯನ್ನಲ್ಲ.

ಸಿಸಿಯೂ ಹಾಗೇ. ಪಕ್ಕದ ಮೈಸೂರಿನಲ್ಲೇ ತಯಾರಾಗುತ್ತಿದ್ದ ಯೆಜ್ಡಿ ರೋಡ್‌ಕಿಂಗ್ 250 ಸಿಸಿಯದು, ಶಕ್ತಿ 16 ಎಚ್‌ಪಿ. ಯಮಹಾ ಆರ್‌ಎಕ್ಸ್ 100ರ ಎಂಜಿನ್ ಬರೀ 98 ಸಿಸಿ, ಶಕ್ತಿ 11. ಸಿಸಿ ಎರಡೂವರೆ ಪಟ್ಟು, ಶಕ್ತಿ ಒಂದೂವರೆ ಪಟ್ಟೂ ಇಲ್ಲ! ಸಿಸಿಗೆ ಗೆರೆ ಎಳೆದರೆ ಆಗುವುದು ಇನ್ನೊಂದಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ 18, ಅದರ ಮೇಲಿನದಕ್ಕೆ ಶೇ 40. 349 ಸಿಸಿಯ ಬುಲೆಟ್ ಗೆರೆಯ ಈಚೆ ನಿಂತು ನಗುತ್ತಿದೆ.

ಹಾಗಾದರೆ 850ರ ನಿಯಮವೂ ದಂಡವೇ? ಅಲ್ಲ. ಸುದ್ದಿಯಲ್ಲಿ ಹಿಂದೆ ಸರಿದ ಅಂಕಿಯೊಂದಿದೆ: ಬೋರ್, ಅಂದರೆ ಸಿಲಿಂಡರಿನ ಅಗಲ. 2007ರಲ್ಲಿ ಅದಕ್ಕೆ ಮಿತಿಯೇ ಇರಲಿಲ್ಲ. 2012ರಲ್ಲಿ ಸಾವಿರ ಸಿಸಿ ಬಂದಾಗ 81 ಮಿ.ಮೀ. ಎಂದು ಕಟ್ಟಿದರು, 2027ಕ್ಕೆ 75. ನಾಲ್ಕು ಸಿಲಿಂಡರಿಗೆ ನೀವೇ ಲೆಕ್ಕ ಹಾಕಿ ನೋಡಿ. ಈಗ ಪಿಸ್ಟನ್ ಓಡುವ ದೂರ ಸುಮಾರು 48.5 ಮಿ.ಮೀ., ಮುಂದೆ 48.1. ಹೆಚ್ಚುಕಡಿಮೆ ಅಷ್ಟೇ! ಅಗಲ ಹೆಚ್ಚಿಸಿ, ಓಟ ಗಿಡ್ಡ ಮಾಡಿ, ಆರ್‌ಪಿಎಂ ಏರಿಸುವ 2007ರ ಕಳ್ಳದಾರಿಗೆ ಬೇಲಿ ಬಿದ್ದಿದೆ. ಸಾಲದ್ದಕ್ಕೆ ಪೆಟ್ರೋಲು 22 ಲೀಟರಿನಿಂದ 20ಕ್ಕೆ ಇಳಿದಿದೆ. ಓಡುತ್ತಿರುವಾಗ ಗಾಡಿಯ ಎತ್ತರ ತಗ್ಗಿಸುವ ಉಪಕರಣಕ್ಕೂ ನಿಷೇಧ. ಈ ಸಲ ಹಲ್ಲಿನ ಜೊತೆ ಗೊರಸನ್ನೂ ನೋಡಿದ್ದಾರೆ.

ಇಷ್ಟೆಲ್ಲ ಕಟ್ಟುವುದು ಏಕೆ, ಕಂಪನಿಗಳ ಜಾಣ್ಮೆಗೆ ಬಿಟ್ಟುಬಿಡಿ ಎನ್ನುವವರಿಗೆ ಒಂದೇ ಅಂಕಿ ಸಾಕು: 2023ರಲ್ಲಿ ಮುಜೆಲ್ಲೋ ಟ್ರ್ಯಾಕಿನಲ್ಲಿ ಬ್ರ್ಯಾಡ್ ಬೈಂಡರ್ ಮುಟ್ಟಿದ ವೇಗ ಗಂಟೆಗೆ 366 ಕಿ.ಮೀ. ಟ್ರ್ಯಾಕಿನ ಗೋಡೆಯನ್ನು ವರ್ಷವರ್ಷ ಹಿಂದೆ ತಳ್ಳಲಾಗದು.



ನನ್ನನ್ನು ನಿಜಕ್ಕೂ ಕಾಡುವ ಆಕ್ಷೇಪ ಖರ್ಚಿನದು. ನಿಯಮ ಬದಲಾದಾಗಲೆಲ್ಲ ಹಳೆಯ ಎಂಜಿನ್ ಗುಜರಿಗೆ ಹೋಗುತ್ತದೆ, ದೊಡ್ಡ ತಿಜೋರಿಯವರು ಮೊದಲು ಎದ್ದು ನಿಲ್ಲುತ್ತಾರೆ. 2002ರಲ್ಲಿ 500ರ ಟೂ ಸ್ಟ್ರೋಕ್ ಜೊತೆಗೆ 990ರ ಫೋರ್ ಸ್ಟ್ರೋಕನ್ನು ಬಿಟ್ಟಾಗ ಹೋಂಡಾ ಹಾಗೇ ಎದ್ದಿತು. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಆದರೆ 2002, 2007, 2012 ಎಂದು ಐದೈದು ವರ್ಷಕ್ಕೆ ಬದಲಾದ ಸಿಸಿ ಆಮೇಲೆ 15 ವರ್ಷ ಅಲುಗಾಡಲಿಲ್ಲ. ಅದರ ನಡುವೆ, 2015ರಲ್ಲಿ ಮರಳಿ ಬಂದ ಏಪ್ರಿಲಿಯಾ ಕಂಪನಿ ಕೊನೆಯ ಸಾಲಿನಲ್ಲಿ ಒದ್ದಾಡಿ 2022ರಲ್ಲಿ ಅರ್ಜೆಂಟೀನಾದಲ್ಲಿ ಮೊದಲ ಸಲ ಗೆದ್ದಿತು. ಆ ಏಳು ವರ್ಷದ ಮಧ್ಯೆ ಯಾರಾದರೂ ಸಿಸಿಗೆ ಕೈ ಹಾಕಿದ್ದರೆ ಅದು ಗೆಲ್ಲುತ್ತಿತ್ತೆಂದು ನನಗನ್ನಿಸುವುದಿಲ್ಲ. 850 ಬರಲಿ, ಬಂದಮೇಲೆ ಅದರ ಬಾಯಿ ಕೂಡುವ ತನಕ ಬಿಟ್ಟಿರಲಿ.