ಆರೋಗ್ಯ ವಿಚಾರ: ನರರೋಗಿಗೆ ವಿಶ್ರಾಂತಿಯೊಂದೇ ಮದ್ದಲ್ಲ

“ನೀನು ಕೂತಿರವ್ವ, ನೀರು ನಾನು ತರುತ್ತೇನೆ”, “ಮೆಟ್ಟಿಲು ಹತ್ತಬೇಡ, ಬಿದ್ದೀಯ”. ನರಸಂಬಂಧವಾದ ಕಾಯಿಲೆಯವರಿರುವ ಮನೆಗಳಲ್ಲಿ ಇಂಥ ಮಾತುಗಳು ದಿನವೂ ಕೇಳಿಬರುತ್ತವೆ. ಇವು ಅಕ್ಕರೆಯಿಂದ ಹುಟ್ಟಿದ ಮಾತುಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ರೋಗದಲ್ಲಿ ಈ ಅಕ್ಕರೆಯೇ ಮಿತಿಮೀರಿದರೆ ರೋಗಿಯು ಎರಡನೆಯ ರೋಗಕ್ಕೂ ತುತ್ತಾಗಬಹುದು. ಅದು ಹೇಗೆಂಬುದನ್ನು ಈ ತಿಂಗಳು ವಿಚಾರ ಮಾಡೋಣ.

ನಮ್ಮ ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನಂಶದ ಹೊದಿಕೆಯಿದೆ. ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆ ಇದ್ದಂತೆ ಇದು. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿತಪ್ಪಿ ಈ ಹೊದಿಕೆಯನ್ನು ಹಾಳುಗೆಡವಿದಾಗ ಸಂದೇಶಗಳ ಸಂಚಾರ ಕುಂಠಿತವಾಗುತ್ತದೆ. ದೃಷ್ಟಿ ಮಂದವಾಗುವುದು, ಕೈಕಾಲು ಜೋಮು ಹಿಡಿಯುವುದು, ನಡಿಗೆ ತೂರಾಡುವುದು, ಅತಿಯಾದ ಆಯಾಸ ಇವು ಮುಖ್ಯ ಲಕ್ಷಣಗಳು. ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನೊಳಗೆ ಕಾಣಿಸಿಕೊಳ್ಳುವ ಈ ರೋಗ ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಸಂಸಾರದ ಹೊಣೆ ಹೊತ್ತ ಪ್ರಾಯದಲ್ಲೇ ಅದು ಎರಗುವುದರಿಂದ ಇಡೀ ಮನೆಯೇ ತತ್ತರಿಸುತ್ತದೆ.

ಪ್ಯಾರಿಸ್ಸಿನ ಪ್ರಸಿದ್ಧ ವೈದ್ಯ ಜಾನ್ ಮಾರ್ಟಿನ್ ಶಾರ್ಕೋ 1868ರಲ್ಲಿ ಈ ರೋಗದ ಸ್ಪಷ್ಟ ವಿವರಣೆಯನ್ನು ನೀಡಿದನು. 1890ರಲ್ಲಿ ಜರ್ಮನಿಯ ನೇತ್ರವೈದ್ಯ ಊಟ್‌ಹಾಫ್, ಶ್ರಮಪಟ್ಟ ಬಳಿಕ ಕೆಲವು ರೋಗಿಗಳ ದೃಷ್ಟಿ ತಾತ್ಕಾಲಿಕವಾಗಿ ಮಸುಕಾಗುವುದನ್ನು ಗುರುತಿಸಿದನು. ಇದಕ್ಕೆ ಕಾರಣ ಶ್ರಮವಲ್ಲ, ಶ್ರಮದಿಂದ ಏರುವ ಮೈಶಾಖ ಎಂಬುದು ಆಮೇಲೆ ತಿಳಿದುಬಂತು. ಹೊದಿಕೆ ಕಳೆದುಕೊಂಡ ನರಕ್ಕೆ ಅಲ್ಪಸ್ವಲ್ಪ ಉಷ್ಣವೂ ಸಹಿಸದು. ಮೈ ತಣಿದೊಡನೆ ದೃಷ್ಟಿ ಮೊದಲಿನಂತಾಗುತ್ತದೆ. ಇಷ್ಟಾದರೂ ದಶಕಗಳ ಕಾಲ ರೋಗಿಗಳಿಗೆ ದೊರೆತ ಉಪದೇಶ ಒಂದೇ: “ದಣಿಯಬೇಡಿ, ವಿಶ್ರಮಿಸಿ.”

ಈ ಉಪದೇಶದ ಫಲವೇನಾಯಿತು? ನಮ್ಮ ಊಟದ ಸಕ್ಕರೆಯ ಬಹುಪಾಲನ್ನು ಬಳಸಿಕೊಳ್ಳುವುದು ಮಾಂಸಖಂಡಗಳು. ಅವು ಕೆಲಸವಿಲ್ಲದೆ ಸೊರಗಿದರೆ ಇನ್ಸುಲಿನ್ನಿನ ಆಜ್ಞೆಗೆ ಓಗೊಡುವುದಿಲ್ಲ. ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ, ಕೊಬ್ಬು ಹೊಟ್ಟೆಯ ಸುತ್ತ ಸೇರುತ್ತದೆ. ಹೀಗೆ ಚಯಾಪಚಯ ಕ್ರಿಯೆ ಕೆಟ್ಟು ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳಿಗೆ ದಾರಿಯಾಗುತ್ತದೆ. ರೋಗ ಉಲ್ಬಣಿಸಿದಾಗ ಕೊಡುವ ಸ್ಟೆರಾಯ್ಡ್ ಔಷಧವೂ ಕೆಲಕಾಲ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಉತ್ತರ ಅಮೆರಿಕದ ಸುಮಾರು 9 ಸಾವಿರ ರೋಗಿಗಳ ವಿವರಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಕಣ್ತೆರೆಸುವಂತಿದೆ. ಮಧುಮೇಹ, ರಕ್ತದೊತ್ತಡ ಮೊದಲಾದ ತೊಂದರೆಗಳಿಲ್ಲದವರಿಗೆ ನಡೆಯಲು ಆಸರೆ ಬೇಕಾಗುವ ಹೊತ್ತಿಗೆ ರೋಗ ಪತ್ತೆಯಾಗಿ ಸರಿಸುಮಾರು 19 ವರ್ಷಗಳು ಕಳೆದಿದ್ದವು. ಅವು ಇದ್ದವರಿಗೆ ಆ ಅವಧಿ ಸುಮಾರು 13 ವರ್ಷ ಮಾತ್ರ. ಆರು ವರ್ಷಗಳ ಸ್ವಂತ ನಡಿಗೆ ಸಣ್ಣ ಸಂಪತ್ತೇನಲ್ಲ!

ಹಳೆಯ ಉಪದೇಶವನ್ನು ಪ್ರಯೋಗದಿಂದ ಪ್ರಶ್ನಿಸಿದವರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡಾ. ಪೆಟಜನ್ ಮತ್ತು ಸಂಗಡಿಗರು ಪ್ರಮುಖರು. 54 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 15 ವಾರಗಳ ಕಾಲ, ವಾರಕ್ಕೆ ಮೂರು ಸಲ, 40 ನಿಮಿಷಗಳಂತೆ ಕೈಕಾಲುಗಳೆರಡನ್ನೂ ಬಳಸುವ ಸೈಕಲ್ ಯಂತ್ರದ ವ್ಯಾಯಾಮವನ್ನು ಕೊಟ್ಟರು. 1996ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅವರ ದೇಹವು ಆಮ್ಲಜನಕವನ್ನು ಬಳಸುವ ಸಾಮರ್ಥ್ಯ ಶೇ. 22ರಷ್ಟು ಹೆಚ್ಚಿತ್ತು, ತೋಳು, ಕಾಲುಗಳ ಬಲ ವೃದ್ಧಿಸಿತ್ತು, ಚರ್ಮದಡಿಯ ಕೊಬ್ಬೂ ರಕ್ತದ ಟ್ರೈಗ್ಲಿಸರೈಡ್ ಅಂಶವೂ ಇಳಿದಿದ್ದವು. ಮುಂದೆ ಬೆಲ್ಜಿಯಂ ದೇಶದ ಹ್ಯಾಸೆಲ್ಟ್ ವಿಶ್ವವಿದ್ಯಾಲಯದಲ್ಲಿ 24 ವಾರಗಳ ಕಾಲ ನಡೆದ ಬಲವರ್ಧಕ ಮತ್ತು ದಮ್ಮು ಬೆಳೆಸುವ ವ್ಯಾಯಾಮದಿಂದ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಸುಧಾರಿಸಿದ್ದು ಕಂಡುಬಂತು. ಇದರ ಮರ್ಮ ಸರಳ: ದುಡಿಯುವ ಮಾಂಸಖಂಡವು ಇನ್ಸುಲಿನ್ನಿಗಾಗಿ ಕಾಯದೆ ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಳ್ಳಬಲ್ಲದು. ಎಲ್ಲ ಅಧ್ಯಯನಗಳಲ್ಲೂ ಇಂಥದೇ ಫಲ ದೊರೆತಿಲ್ಲವೆಂಬುದೂ ನಿಜ. ಆದರೆ ವ್ಯಾಯಾಮದಿಂದ ರೋಗ ಮರುಕಳಿಸುತ್ತದೆಂಬ ಭಯಕ್ಕೆ ಆಧಾರ ದೊರೆತಿಲ್ಲವೆಂಬುದು ಮುಖ್ಯ.

ಹಾಗಾದರೆ ಎಷ್ಟು ವ್ಯಾಯಾಮ ಬೇಕು? ಅಲ್ಪ ಅಥವಾ ಮಧ್ಯಮ ಪ್ರಮಾಣದ ತೊಂದರೆಯುಳ್ಳವರಿಗೆ ಕೆನಡಾದ ತಜ್ಞರು 2013ರಲ್ಲಿ ನೀಡಿದ ಸಲಹೆ ಇದು: ವಾರಕ್ಕೆ ಎರಡು ಸಲ 30 ನಿಮಿಷಗಳ ಸಾಧಾರಣ ಬಿರುಸಿನ ನಡಿಗೆ ಅಥವಾ ಸೈಕಲ್ ಸವಾರಿ, ಜೊತೆಗೆ ವಾರಕ್ಕೆ ಎರಡು ಸಲ ಮಾಂಸಖಂಡಗಳಿಗೆ ಬಲ ಕೊಡುವ ವ್ಯಾಯಾಮ. ಒಮ್ಮೆಲೇ ಅಷ್ಟು ಸಾಧ್ಯವಾಗದವರು ಹತ್ತು ನಿಮಿಷಗಳಿಂದ ಆರಂಭಿಸಿ ನಿಧಾನವಾಗಿ ಏರಿಸಬಹುದು. ನಿಲ್ಲಲಾಗದವರು ಕುರ್ಚಿಯಲ್ಲಿ ಕುಳಿತೇ ತೋಳುಗಳ ವ್ಯಾಯಾಮ ಮಾಡಬಹುದು. ಆದರೆ ನರರೋಗತಜ್ಞರನ್ನೂ ಫಿಸಿಯೋಥೆರಪಿ ಬಲ್ಲವರನ್ನೂ ಕೇಳದೆ ತೊಡಗಬಾರದು. ರೋಗ ಹೊಸದಾಗಿ ಉಲ್ಬಣಿಸಿದ ದಿನಗಳಲ್ಲಿ, ಜ್ವರವಿದ್ದಾಗ ನಿಲ್ಲಿಸಬೇಕು.

ನಮ್ಮ ಸೀಮೆಯ ಬಿಸಿಲನ್ನು, ವಿಶೇಷವಾಗಿ ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯನ್ನು, ಮರೆಯುವಂತಿಲ್ಲ. ಅಂಥ ಕಡೆ ಹೊತ್ತು ಏರುವ ಮೊದಲೇ ನಡಿಗೆ ಮುಗಿಸಬೇಕು. ಮೊದಲೇ ತಣ್ಣೀರು ಕುಡಿದು, ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಫ್ಯಾನಿನ ಕೆಳಗೆ ವ್ಯಾಯಾಮ ಮಾಡುವುದು ಲೇಸು. ವ್ಯಾಯಾಮವು ಔಷಧಕ್ಕೆ ಬದಲಿಯಲ್ಲ, ನಷ್ಟವಾದ ಹೊದಿಕೆಯನ್ನು ಅದು ಮರಳಿ ತರುತ್ತದೆಂದು ನಂಬುವಂತೆಯೂ ಇಲ್ಲ. ಉಳಿದಿರುವ ಶಕ್ತಿಯನ್ನು ಅದು ಕಾಯುತ್ತದೆ. ವರ್ಷಕ್ಕೊಮ್ಮೆಯಾದರೂ ಸಕ್ಕರೆ, ಕೊಬ್ಬಿನಂಶ, ರಕ್ತದೊತ್ತಡಗಳ ತಪಾಸಣೆಯೂ ಆಗಲಿ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಈ ರೋಗಕ್ಕೂ ಸ್ಥಾನ ದೊರೆತಿದೆ. ಆದರೆ ಕಾಯಿದೆ ಕೊಡಲಾರದ ಒಂದು ನೆರವು ಮನೆಯವರ ಕೈಯಲ್ಲಿದೆ. ಅತ್ತೆಯಾಗಲಿ, ಪತಿಯಾಗಲಿ, ಮಕ್ಕಳಾಗಲಿ “ನೀನು ಕೂತಿರು” ಎನ್ನುವ ಬದಲು “ನಡೆ, ನಾನೂ ಬರುತ್ತೇನೆ” ಎಂದು ಕೈಹಿಡಿದು ಅಂಗಳಕ್ಕೆ ಕರೆತಂದರೆ ಆ ಹತ್ತು ಹೆಜ್ಜೆಗಳು ಔಷಧದ ಜೊತೆಗಿನ ಪಥ್ಯವಾಗುತ್ತವೆ. ಅಕ್ಕರೆಗೆ ಇದಕ್ಕಿಂತ ಒಳ್ಳೆಯ ದಾರಿ ಯಾವುದಿದೆ?