ಟಕ್ ಎನ್ನುವ ಸದ್ದು ಮತ್ತು ದೊಡ್ಡಮ್ಮನ ಹಾಡು



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ಮೂಡಿಗೆರೆಗೆ ಬಂದವನು ನಮ್ಮ ಮನೆಗೂ ಬಂದಿದ್ದ. ನಾನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಲ್ಯಾಪ್‌ಟಾಪಿನಲ್ಲಿ ಮುದ್ರಿಸಿಕೊಂಡ ಹಾಡೊಂದರ ನಡುನಡುವೆ ಕೇಳಿಬರುವ 'ಟಕ್', 'ಚಟ್' ಸದ್ದುಗಳನ್ನು ಒಂದೊಂದಾಗಿ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಅವನಿಗೆ ನಗು ಬಂದಿತು. "ಸಾರ್, ಇಷ್ಟೆಲ್ಲ ಕಷ್ಟ ಯಾಕೆ? ಹೇಗಾದರೂ ರೆಕಾರ್ಡ್ ಮಾಡಿಟ್ಟುಬಿಡಿ. ಆಮೇಲೆ ಎಐ ಎಲ್ಲವನ್ನೂ ತೊಳೆದು ಕೊಡುತ್ತದೆ" ಎಂದ. ಪ್ರೀತಿಯಿಂದಲೇ ಹೇಳಿದ ಮಾತು. ಆದರೂ ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಏಕೆ ಎಂಬುದನ್ನು ಅವನ ಎದುರಿಗೆ ಸರಿಯಾಗಿ ಹೇಳಲಾಗಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹಾಡಿನ ವಿಷಯ. ಕಳಸದಿಂದ ಹೊರನಾಡಿಗೆ ಹೋಗುವ ಕಡೆಯಲ್ಲಿ ನನ್ನ ದೊಡ್ಡಮ್ಮನ ಮನೆಯಿದೆ. ವಯಸ್ಸು ಎಂಬತ್ತನ್ನು ದಾಟಿದೆ. ಮದುಮಕ್ಕಳನ್ನು ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಒಳ್ಳು ಕುಟ್ಟುವಾಗಿನ ಹಾಡು, ಹೀಗೆ ಅವರ ಬಾಯಲ್ಲಿ ಇರುವುದನ್ನು ಯಾರೂ ಬರೆದಿಟ್ಟಿಲ್ಲ. ಅವರಿಗೂ ಅಕ್ಷರ ಬಾರದು. ಎರಡು ವರ್ಷಗಳ ಹಿಂದೆ ಏಪ್ರಿಲ್‌ನಲ್ಲಿ, ಮಳೆ ಹಿಡಿಯುವ ಮುನ್ನ, ಲ್ಯಾಪ್‌ಟಾಪನ್ನೂ ಒಂದು ಯುಎಸ್‌ಬಿ ಮೈಕನ್ನೂ ಚೀಲಕ್ಕೆ ಹಾಕಿಕೊಂಡು ಹೋದೆ. ಮಧ್ಯಾಹ್ನದ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಒಂದೂವರೆ ಗಂಟೆ ಹಾಡಿದರು. ಅವುಗಳಲ್ಲಿ ಒಂದು ಉದ್ದನೆಯ ಕಥನ ಹಾಡು. ಅದನ್ನು ನಾನು ಬಾಲ್ಯದಲ್ಲಿ ಕೇಳಿದ್ದು, ಆಮೇಲೆ ಎಲ್ಲಿಯೂ ಕೇಳಿರಲಿಲ್ಲ.

ಮನೆಗೆ ಬಂದು ಹೆಡ್‌ಫೋನಿನಲ್ಲಿ ಕೇಳಿದಾಗ ಎದೆ ಧಸಕ್ಕೆಂದಿತು. ಒಂದೆರಡು ನಿಮಿಷಕ್ಕೊಮ್ಮೆ 'ಟಕ್'. ಕೆಲವೆಡೆ ಶಬ್ದದ ಮಧ್ಯದಲ್ಲಿಯೇ 'ಚಟ್' ಎಂದು ಕಡ್ಡಿ ಮುರಿದ ಹಾಗೆ. ತಕ್ಷಣ ಹೊರಟು ಹೋಗಿ ಮತ್ತೆ ಹಾಡಿಸೋಣವೆಂದರೆ, ಕಾರಣ ತಿಳಿಯದೆ ಹೋದರೆ ಅದೇ ಸದ್ದು ಮತ್ತೆ ಬರುವುದಿಲ್ಲವೆಂದು ಏನು ಭರವಸೆ? ಅಷ್ಟರಲ್ಲಿ ಮಳೆಗಾಲ ಬಂದಿತು. ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿಯುವ ದಿನಗಳಲ್ಲಿ ಆ ಕಡೆ ಹೋಗುವ ಮಾತೇ ಇಲ್ಲ. ಆ ನಾಲ್ಕು ತಿಂಗಳನ್ನು ನಾನು ಈ ಸದ್ದಿನ ಪತ್ತೆಗೆ ಮೀಸಲಿಟ್ಟೆ. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವನು ಒಂದು ಪ್ರಯೋಗವನ್ನಾದರೂ ಕ್ರಮವಾಗಿ ಮಾಡಬೇಡವೇ?

ನೀವು ಏಳನೆಯ ತರಗತಿಗೋ ಎಂಟಕ್ಕೋ ಓದಿದ್ದನ್ನು ಸ್ವಲ್ಪ ನೆನಪಿಸಿಕೊಳ್ಳಿ. ಶಬ್ದವೆಂದರೆ ಗಾಳಿಯ ಕಂಪನ. ಕಂಪ್ಯೂಟರು ಆ ಕಂಪನವನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಗಳಾಗಿ ಬರೆದುಕೊಳ್ಳುತ್ತದೆ. ನಮ್ಮ ಕಿವಿಗೆ ಕೇಳಿಸುವ ಗರಿಷ್ಠ ಆವೃತ್ತಿ ಸುಮಾರು 20,000 ಹರ್ಟ್ಸ್. ಅದನ್ನು ಹಿಡಿಯಲು ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕು. ಸಿ.ಡಿ.ಗಳಿಗೆ ಗೊತ್ತುಪಡಿಸಿದ ಲೆಕ್ಕ ಇದೇ. ಹೀಗೆ ಬಂದ ಅಂಕಿಗಳು ನೇರವಾಗಿ ಡಿಸ್ಕಿಗೆ ಹೋಗುವುದಿಲ್ಲ. ನಡುವೆ 'ಬಫರ್' ಎಂಬ ಒಂದು ಸಣ್ಣ ಪಾತ್ರೆಯಲ್ಲಿ ತುಂಬಿಕೊಳ್ಳುತ್ತವೆ. ನಮ್ಮ ಮಲೆನಾಡಿನಲ್ಲಿ ಸೂರಿನ ನೀರಿಗೆ ಕೊಡಪಾನ ಇಡುವುದಿಲ್ಲವೇ, ಹಾಗೆ. ಕೊಡ ತುಂಬುವುದರೊಳಗೆ ಒಬ್ಬರು ಅದನ್ನೆತ್ತಿ ಹಂಡೆಗೆ ಸುರಿದು ಮತ್ತೆ ಇಡಬೇಕು. ಆ ಹೊತ್ತಿಗೆ ಒಳಗಿನಿಂದ ಯಾರಾದರೂ ಕೂಗಿ, ಅವರು ಅತ್ತ ಹೋದರೋ, ನೀರು ಚೆಲ್ಲಿಹೋಗುತ್ತದೆ. ಕಂಪ್ಯೂಟರಿನಲ್ಲಿಯೂ ಅಷ್ಟೆ. ವೈ-ಫೈಯೋ, ಅಪ್‌ಡೇಟೋ, ವೈರಸ್ ತಪಾಸಣೆಯೋ ಅದನ್ನು ಒಂದು ಗಳಿಗೆ ಅತ್ತ ಕರೆದರೆ ಸಾಕು, ಪಾತ್ರೆ ತುಂಬಿ ಚೆಲ್ಲುತ್ತದೆ. ಚೆಲ್ಲಿದ ಭಾಗದ ಹಿಂದಿನ ಅಲೆಗೂ ಮುಂದಿನ ಅಲೆಗೂ ಹೊಂದಿಕೆಯಿಲ್ಲದೆ ಅಂಟಿಕೊಂಡ ಜಾಗವೇ ನಮಗೆ 'ಟಕ್' ಎಂದು ಕೇಳಿಸುವುದು.

ಇದು ತಿಳಿದ ಮೇಲೆ ಪತ್ತೆಯ ಕೆಲಸ ಹಗುರವಾಯಿತು. ನಾನು ಅನುಸರಿಸಿದ ಕ್ರಮವನ್ನು ಹೇಳುತ್ತೇನೆ. ನಿಮಗೂ ಉಪಯೋಗಕ್ಕೆ ಬಂದೀತು.

ಮೊದಲನೆಯದಾಗಿ, ಅದೇ ಫೈಲನ್ನು ಬೇರೆ ಮೊಬೈಲಿನಲ್ಲಿಯೋ ಕಂಪ್ಯೂಟರಿನಲ್ಲಿಯೋ ಕೇಳಬೇಕು. ಸದ್ದು ಅದೇ ಶಬ್ದದ ಮೇಲೆ, ಅದೇ ಕ್ಷಣದಲ್ಲಿ ಬಂದರೆ ದೋಷ ಮುದ್ರಣದಲ್ಲಿದೆ. ಬೇರೆ ಕಡೆ ಬಂದರೆ ಅಥವಾ ಬಾರದೇ ಹೋದರೆ ದೋಷ ಕೇಳಿಸುವ ಯಂತ್ರದ್ದು, ಹಾಡು ಸುರಕ್ಷಿತವಾಗಿದೆ. ಎಷ್ಟೋ ಜನ ಈ ಒಂದು ಪರೀಕ್ಷೆ ಮಾಡದೆ ಒಳ್ಳೆಯ ಮುದ್ರಿಕೆಯನ್ನು ಅಳಿಸಿಬಿಡುತ್ತಾರೆ.

ಎರಡನೆಯದು, ಯಾರೂ ಮಾತನಾಡದೆ ಐದು ನಿಮಿಷ ಬರಿಯ ಮೌನವನ್ನು ಮುದ್ರಿಸುವುದು. ಆಮೇಲೆ ಗಡಿಯಾರ ಹಿಡಿದು ಸದ್ದುಗಳ ನಡುವಿನ ಅಂತರವನ್ನು ಎಣಿಸುವುದು. ಹಿಂದೆ 78 ಸುತ್ತಿನ ಗ್ರಾಮಫೋನ್ ತಟ್ಟೆಯಲ್ಲಿ ಒಂದು ಗೀರು ಬಿದ್ದರೆ ಮುಳ್ಳು ಅದನ್ನು ದಾಟುವವರೆಗೆ ನಿಮಿಷಕ್ಕೆ 78 ಸಲ 'ಟಕ್' ಎನ್ನುತ್ತಿತ್ತು. ನಿಯಮಿತವಾಗಿ ಬರುವ ಸದ್ದು ತನ್ನ ವಿಳಾಸವನ್ನು ತಾನೇ ಹೇಳುತ್ತದೆ. ನಮ್ಮ ಮನೆಯ ಮೌನದಲ್ಲಿ ಎರಡು ಜಾತಿಯ ಸದ್ದುಗಳು ಸಿಕ್ಕವು. ಒಂದಕ್ಕೆ ಲೆಕ್ಕವಿಲ್ಲ, ಬೇಕಾದಾಗ ಬರುತ್ತದೆ. ಇನ್ನೊಂದು ಮೆಲ್ಲನೆಯದು, ಆದರೆ ಸುಮಾರು ಸೆಕೆಂಡಿಗೊಂದರಂತೆ ತಪ್ಪದೆ ಬರುತ್ತದೆ.

ಸೆಕೆಂಡಿಗೊಂದು ಏನಿರಬಹುದು? ಗೋಡೆ ಗಡಿಯಾರವನ್ನು ಇಳಿಸಿದೆ; ಹೋಗಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು: ಪಕ್ಕದ ತೋಟದವರ ಆನೆ ಬೇಲಿ! ಸೋಲಾರ್ ಬೇಲಿಯ ಯಂತ್ರವು ತಂತಿಗೆ ವಿದ್ಯುತ್ತನ್ನು ಸತತವಾಗಿ ಹರಿಸದೆ, ಸುಮಾರು ಸೆಕೆಂಡಿಗೊಮ್ಮೆ ಒಂದು ಸಣ್ಣ ಹೊಡೆತವಾಗಿ ಬಿಡುತ್ತದೆ. ತಂತಿಗೆ ಒದ್ದೆ ಗಿಡಬಳ್ಳಿ ತಾಗಿದ್ದರೆ ಅಲ್ಲಿ ಕಿಡಿ ಹಾರಿ, ಆ ಅಲೆ ರೇಡಿಯೊ, ಮೈಕಿನ ತಂತಿಗಳನ್ನು ಹೊಕ್ಕುತ್ತದೆ. ಆನೆಯ ಕಾಟವಿರುವ ಊರಿನಲ್ಲಿ ಬೇಲಿ ಆರಿಸಿ ಎಂದು ಕೇಳುವುದು ಅಪರಾಧವಾದೀತು. ನೆರೆಯವರಿಗೆ ಇಷ್ಟೇ ಹೇಳಿದೆ, "ನಿಮ್ಮ ಬೇಲಿ ಎಲ್ಲೋ ಸೋರುತ್ತಿರಬೇಕು ನೋಡಿ" ಎಂದು. ಅವರು ಆಳನ್ನು ಕರೆದುಕೊಂಡು ತಂತಿಯುದ್ದಕ್ಕೂ ನಡೆದರೆ, ಹಳ್ಳದ ಬದಿಯಲ್ಲಿ ಬಳ್ಳಿ ಹಬ್ಬಿ ತಂತಿಯನ್ನು ಮುಚ್ಚಿಕೊಂಡಿತ್ತು. ಸವರಿದ ಮೇಲೆ ನನ್ನ ಸದ್ದೂ ನಿಂತಿತು, ಅವರ ಬೇಲಿಗೂ ಜೀವ ಬಂದಿತು. ಆ ಸದ್ದನ್ನು ತಂತ್ರಾಂಶದಲ್ಲಿ ಒರೆಸಿಹಾಕಿ ಸುಮ್ಮನಿದ್ದಿದ್ದರೆ ಬೇಲಿ ಸೋರುತ್ತಲೇ ಇರುತ್ತಿತ್ತು.

ಇನ್ನು ಲೆಕ್ಕವಿಲ್ಲದ ಸದ್ದು. ದೊಡ್ಡಮ್ಮನ ಹಾಡಿನಲ್ಲಿ ಇದ್ದದ್ದು ಇದೇ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲವೂ ಐದು ನಿಮಿಷದ ಮುದ್ರಣ, ಫಲಿತಾಂಶ ನೋಟ್‌ಬುಕ್ಕಿಗೆ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ ಎಂದು ನಿಮಗೆ ಪ್ರಯೋಗಾಲಯದಲ್ಲಿ ಎಷ್ಟು ಸಲ ಹೇಳಿದ್ದೇನೆ! ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿದೆ. ಗೊರ್ರೆನ್ನುವ ಸದ್ದು ಕಡಿಮೆಯಾಯಿತು, 'ಟಕ್' ಹೆಚ್ಚಾಯಿತು! ಬ್ಯಾಟರಿ ಉಳಿಸಲೆಂದು ಲ್ಯಾಪ್‌ಟಾಪು ತಾನೇ ನಿಧಾನವಾಗುವುದರ ಫಲ ಅದು. ಪವರ್ ಸೆಟ್ಟಿಂಗಿನಲ್ಲಿ ಉಳಿತಾಯವನ್ನು ತೆಗೆದು ಪೂರ್ಣ ವೇಗಕ್ಕೆ ಇಟ್ಟ ಮೇಲೆ ಸರಿಯಾಯಿತು. ವೈ-ಫೈ, ಬ್ಲೂಟೂತ್ ಎರಡನ್ನೂ ಆರಿಸಿದಾಗ ಸದ್ದು ಮತ್ತಷ್ಟು ಇಳಿಯಿತು. ನಾಲ್ಕು ಬಾಯಿಯ ಯುಎಸ್‌ಬಿ ಹಬ್ಬನ್ನು ತೆಗೆದು ಮೈಕನ್ನು ನೇರವಾಗಿ ಲ್ಯಾಪ್‌ಟಾಪಿಗೆ ಚುಚ್ಚಿದೆ. ವಿಂಡೋಸಿನಲ್ಲಿ ಮೈಕಿನ ದರ 48,000 ಎಂದೂ ತಂತ್ರಾಂಶದಲ್ಲಿ 44,100 ಎಂದೂ ಇತ್ತು. ಎರಡನ್ನೂ ಒಂದೇ ಮಾಡಿದೆ. ಕಡೆಗೆ ಬಫರನ್ನು 256ರಿಂದ 1024ಕ್ಕೆ ಏರಿಸಿದೆ. ಅಂದರೆ ಕೊಡಪಾನವನ್ನು ನಾಲ್ಕು ಪಟ್ಟು ದೊಡ್ಡದು ಮಾಡಿದಂತೆ. ಅದನ್ನೆತ್ತುವವರಿಗೆ 6 ಮಿಲಿಸೆಕೆಂಡಿನ ಬದಲು 23 ಮಿಲಿಸೆಕೆಂಡು ವ್ಯವಧಾನ. ಹಾಡುವವರು ತಮ್ಮ ದನಿಯನ್ನು ಆಗಿಂದಾಗಲೇ ಕಂಪ್ಯೂಟರಿನ ಮೂಲಕ ಕೇಳಬೇಕಿದ್ದರೆ ಮಾತ್ರ ಸಣ್ಣ ಬಫರ್ ಬೇಕು. ದೊಡ್ಡಮ್ಮನಿಗೆ ಅದರ ಅಗತ್ಯವೇನು? ಅಂದಿನಿಂದ ಒಂದು ಗಂಟೆ ಮುದ್ರಿಸಿದರೂ ಒಂದು 'ಟಕ್' ಇಲ್ಲ.

ಯಂತ್ರದ್ದಲ್ಲದ ಸದ್ದುಗಳೂ ಇವೆ. ಬಳೆ, ಕವಳದ ಚೀಲ, ಒಣಗಿದ ಬಾಯಿ. ಮೈಕನ್ನು ಬಾಯಿಯ ನೇರಕ್ಕಿಟ್ಟರೆ 'ಪ', 'ಬ', 'ಭ' ಬಂದಾಗಲೆಲ್ಲ ಗಾಳಿ ಬಡಿದು 'ಢಬ್' ಎನ್ನುತ್ತದೆ; ಸ್ವಲ್ಪ ಓರೆಯಾಗಿಟ್ಟರೆ ಸಾಕು. ಮಟ್ಟ ಅತಿಯಾದರೆ ಅಲೆಯ ತಲೆಯೇ ಕತ್ತರಿಸಿಹೋಗಿ ಒಡಕು ಸದ್ದು ಬರುತ್ತದೆ. ಗಟ್ಟಿಯಾಗಿ ಹಾಡಿದಾಗಲೂ ಮುಳ್ಳು ಮೈನಸ್ 12ರ ಆಸುಪಾಸಿನಲ್ಲಿರಲಿ.

ನವೆಂಬರಿನಲ್ಲಿ ಇಷ್ಟೆಲ್ಲ ಸಿದ್ಧತೆಯೊಂದಿಗೆ ಮತ್ತೆ ಕಳಸಕ್ಕೆ ಹೋದೆ. ಮಳೆಗಾಲದಲ್ಲಿ ದೊಡ್ಡಮ್ಮ ಜ್ವರ ಬಂದು ಮಲಗಿ ಎದ್ದಿದ್ದರು. ದನಿ ಚೆನ್ನಾಗಿಯೇ ಇತ್ತು. ಸಣ್ಣ ಹಾಡುಗಳನ್ನು ಹಾಡಿದರು. ಉದ್ದದ ಹಾಡು ಅರ್ಧಕ್ಕೆ ಬಂದು ನಿಂತಿತು. ಹಿಂದಿನಿಂದ ಹಿಡಿದು ಮತ್ತೆ ಹಾಡಿದರು. ಅದೇ ಜಾಗದಲ್ಲಿ ಮತ್ತೆ ನಿಂತಿತು. "ಮುಂದಿನದು ಬತ್ತಾ ಇಲ್ಲ ಮಾರಾಯ" ಎಂದರು. ಹೀಗಾಗಿ ಸ್ವಚ್ಛವಾದ ಮುದ್ರಿಕೆಯಲ್ಲಿ ಅರ್ಧ ಹಾಡಿದೆ. ಪೂರ್ತಿ ಹಾಡಿರುವುದು ಏಪ್ರಿಲ್‌ನ 'ಟಕ್ ಟಕ್' ಮುದ್ರಿಕೆಯಲ್ಲಿ ಮಾತ್ರ.

ನನ್ನ ವಿದ್ಯಾರ್ಥಿ ಎಐಯಿಂದ ತೊಳೆದುಕೊಟ್ಟದ್ದು ಆ ಮುದ್ರಿಕೆಯ ಪ್ರತಿಯೊಂದನ್ನು. ಹತ್ತು ನಿಮಿಷದಲ್ಲಿ ಮಾಡಿದ. ಕೇಳಲು ರೇಡಿಯೊದಷ್ಟು ನುಣುಪು. ಆದರೆ ಗಮನವಿಟ್ಟು ಕೇಳಿದರೆ 'ಟ', 'ಕ'ಗಳ ಅಂಚು ಮೊಂಡಾಗಿದೆ. 'ಟಕ್' ಎನ್ನುವ ಸದ್ದಿಗೂ 'ಟ' ಎಂಬ ವ್ಯಂಜನಕ್ಕೂ ಮೇಲ್ನೋಟಕ್ಕೆ ಹೋಲಿಕೆಯಿದೆ. ಎರಡೂ ಹಠಾತ್ತನೆ ಸಿಡಿಯುವ ಸದ್ದುಗಳೇ. ಕನ್ನಡದ ಒತ್ತಕ್ಷರದ ಜೀವವಿರುವುದು ಒಂದು ಕ್ಷಣದ ಮೌನದಲ್ಲಿ: 'ಅಕ್ಕಿ' ಎನ್ನುವಾಗ ನಾಲಗೆ ತಡೆದು ನಿಲ್ಲುತ್ತದಲ್ಲ, ಅಲ್ಲಿ. ಆ ಮೌನದಲ್ಲಿ 23 ಮಿಲಿಸೆಕೆಂಡು ಚೆಲ್ಲಿಹೋದರೆ ಯಾವ ತಂತ್ರಾಂಶವೂ ಅದನ್ನು ಮರಳಿ ತರಲಾರದು. ನಾನು ಬಳಸುವ ಆಡಾಸಿಟಿ ಎಂಬ ಉಚಿತ ತಂತ್ರಾಂಶದ 'ರಿಪೇರ್' ಸೌಲಭ್ಯ ಒಂದು ಸಲಕ್ಕೆ 128 ಅಳತೆಗಳನ್ನಷ್ಟೆ, ಅಂದರೆ 3 ಮಿಲಿಸೆಕೆಂಡಿಗಿಂತ ಕಡಿಮೆ ಭಾಗವನ್ನು, ಅಕ್ಕಪಕ್ಕದ ಅಲೆ ನೋಡಿ ತುಂಬುತ್ತದೆ. ತನ್ನ ಮಿತಿಯನ್ನು ತಾನೇ ಒಪ್ಪಿಕೊಂಡ ಸಾಧನ ಅದು. ಎಐ ಹಾಗಲ್ಲ, ತಾನು ಹಿಂದೆ ಕೇಳಿದ ಸಾವಿರಾರು ದನಿಗಳ ಆಧಾರದಿಂದ ಊಹಿಸಿ ತುಂಬುತ್ತದೆ. ಕಳಸದ ಕಡೆಯ ಹಳೆಯ ಶಬ್ದವೊಂದನ್ನು ಅದು ಎಂದೂ ಕೇಳಿರದಿದ್ದರೆ ಅಲ್ಲಿ ಏನು ತುಂಬೀತು? ಹಾಡಿನಲ್ಲಿ ಬರುವ ಒಂದು ಭತ್ತದ ಹೆಸರು ತೊಳೆದ ಪ್ರತಿಯಲ್ಲಿ ಗುರುತು ಸಿಗದಷ್ಟು ಬದಲಾಗಿದೆ. ಅದು ದೋಷವೆಂದು ಕೇಳುವವರಿಗೆ ತಿಳಿಯುವುದೂ ಇಲ್ಲ, ಏಕೆಂದರೆ ಅಲ್ಲಿ ಯಾವ 'ಟಕ್' ಸದ್ದೂ ಇಲ್ಲ. ಅದೇ ನನ್ನ ಭಯ. 'ಟಕ್' ಎಂಬುದು "ಇಲ್ಲಿ ಏನೋ ಕಳೆದುಹೋಗಿದೆ" ಎಂದು ಹೇಳುವ ಪ್ರಾಮಾಣಿಕ ಸದ್ದು. ಮೊನ್ನೆ ದೊಡ್ಡಮ್ಮನಿಗೆ ತೊಳೆದ ಪ್ರತಿಯನ್ನು ಕೇಳಿಸಿದೆ. ಸ್ವಲ್ಪ ಹೊತ್ತು ಕೇಳಿ, "ಇದು ಯಾರ ದನಿಯ?" ಎಂದು ಕೇಳಿದರು.

ಹಾಗೆಂದು ಎಐ ಬೇಡವೆಂದು ನಾನು ಹೇಳುತ್ತಿಲ್ಲ. ಮದುವೆ ಮನೆಯಲ್ಲಿ ಕೇಳಿಸಲು ತೊಳೆದ ಪ್ರತಿ ಇರಲಿ. ಆದರೆ ಮೂಲವನ್ನು ಮುಟ್ಟಬಾರದು. ಒಂದು ಗಂಟೆಯ ಮುದ್ರಣ ವೇವ್ ಫೈಲಿನಲ್ಲಿ ಸುಮಾರು 320 ಎಂಬಿ. ಈಗಿನ ಕಾಲಕ್ಕೆ ಅದೊಂದು ಭಾರವೇ? ಎರಡು ಕಡೆ ಇಟ್ಟುಕೊಳ್ಳಿ. ತೊಳೆದ ಪ್ರತಿಯ ಹೆಸರಿನಲ್ಲಿಯೇ 'ತೊಳೆದದ್ದು' ಎಂದು ಬರೆಯಿರಿ. ಮೂಲದಲ್ಲಿನ ಸದ್ದು ಸಹಿಸಲಾಗದಿದ್ದರೂ ಅಳಿಸಬೇಡಿ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಏಪ್ರಿಲ್‌ನಲ್ಲಿ ಹೋಗುವ ಮುನ್ನ ಮನೆಯಲ್ಲಿ ಐದು ನಿಮಿಷದ ಮೌನವನ್ನು ಮುದ್ರಿಸಿ ಕೇಳಿದ್ದಿದ್ದರೆ ಇಂದು ಪೂರ್ತಿ ಹಾಡು ಶುದ್ಧವಾಗಿ ನಮ್ಮಲ್ಲಿರುತ್ತಿತ್ತು. ಜೊತೆಗೆ ಒಂದು ಮೊಬೈಲನ್ನಾದರೂ ಪಕ್ಕದಲ್ಲಿಟ್ಟು ಮುದ್ರಿಸಿಕೊಂಡಿದ್ದರೆ ಚೆಲ್ಲಿಹೋದ ಶಬ್ದಗಳು ಅದರಲ್ಲಿ ಸಿಗುತ್ತಿದ್ದವು. ಎರಡನ್ನೂ ಮಾಡಲಿಲ್ಲ. "ಆಮೇಲೆ ಸರಿಮಾಡಿಕೊಂಡರಾಯಿತು" ಎಂಬ ಮಾತನ್ನು ಒಪ್ಪದಿರುವುದಕ್ಕೆ ಇದಕ್ಕಿಂತ ಬೇರೆ ಕಾರಣ ನನಗೆ ಬೇಡ.

ಇಷ್ಟೆಲ್ಲ ಓದಿ, ಯಂತ್ರ ಸರಿಯಾಗುವವರೆಗೆ ಕಾಯೋಣ ಎಂದು ಯಾರೂ ಕುಳಿತುಕೊಳ್ಳಬೇಡಿ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ 'ಆಕಾಶವಾಣಿ'ಯನ್ನು ಆರಂಭಿಸಿದ್ದು ತಮ್ಮ ಮನೆಯಲ್ಲಿಯೇ. ಮನೆಯೇ ಸ್ಟುಡಿಯೊ ಆಗುವುದು ನಮಗೆ ಹೊಸತಲ್ಲ. ನಿಮ್ಮ ಅಜ್ಜಿಯೋ ಅತ್ತೆಯೋ ಹಾಡುವವರಿದ್ದರೆ ಈ ಬೇಸಿಗೆಯಲ್ಲಿಯೇ ಹೋಗಿ. ಮೊದಲು ಐದು ನಿಮಿಷ ಮೌನವನ್ನು ಮುದ್ರಿಸಿ ಕೇಳಿ, ಆಮೇಲೆ ಹಾಡಿಸಿ. ಪಕ್ಕದಲ್ಲಿ ಮೊಬೈಲನ್ನೂ ಇಡಿ.

ದೊಡ್ಡಮ್ಮನ ಆ ಹಾಡಿನ ಉಳಿದರ್ಧ ನಿಮ್ಮ ಮನೆಯ ಹಿರಿಯರು ಯಾರಿಗಾದರೂ ಬಂದೀತು. ಬಾಳೂರು, ಸಂಸೆ, ಹೊರನಾಡು ಕಡೆಯವರು ನಿಮ್ಮಲ್ಲಿ ಹಲವರಿದ್ದೀರಿ. ವಿಚಾರಿಸಿ ನೋಡಿ ನನಗೆ ತಿಳಿಸಿ. ಲ್ಯಾಪ್‌ಟಾಪ್ ಸಿದ್ಧವಾಗಿದೆ, ನಾನೇ ಬರುತ್ತೇನೆ.

ನಿಮ್ಮ,
ವಿಜ್ಞಾನದ ಮೇಷ್ಟ್ರು