ಊರು ನೋಡಿ ಅಳೆಯುವ ಸಂಬಳ

2024ರ ಆಗಸ್ಟ್‌ನಲ್ಲಿ ಕಾಗ್ನಿಜೆಂಟ್ ಕಂಪನಿಯ ನೇಮಕಾತಿ ಪ್ರಕಟಣೆಯೊಂದು ದೇಶದ ತುಂಬ ನಗೆಪಾಟಲಿಗೆ ಈಡಾಯಿತು. ಹೊಸ ಪದವೀಧರರಿಗೆ ವರ್ಷಕ್ಕೆ 2.52 ಲಕ್ಷ ರೂಪಾಯಿ ಸಂಬಳ! ಬೆಂಗಳೂರಿನ ಪಿ.ಜಿ. ಬಾಡಿಗೆಗೂ ಸಾಲದು ಎಂದು ಒಬ್ಬರು, ಮನೆ ಡ್ರೈವರ್‌ಗೆ ಇದಕ್ಕಿಂತ ಹೆಚ್ಚು ಕೊಡುತ್ತೇವೆ ಎಂದು ಇನ್ನೊಬ್ಬರು ಗೇಲಿ ಮಾಡಿದರು. ಕಂಪನಿ ಸ್ಪಷ್ಟನೆ ಕೊಟ್ಟಿತು: ಈ ಮೊತ್ತ ಎಂಜಿನಿಯರುಗಳಿಗಲ್ಲ, ಮೂರು ವರ್ಷದ ಪದವಿ ಮುಗಿಸಿದವರಿಗೆ, ಎಂಜಿನಿಯರುಗಳಿಗೆ 4 ಲಕ್ಷದಿಂದ 12 ಲಕ್ಷದವರೆಗೆ ಇದೆ. ಅಷ್ಟಕ್ಕೆ ಗಲಾಟೆ ತಣ್ಣಗಾಯಿತು. ಹಾಗಾದರೆ ಸರಿ ಎಂದು ಎಲ್ಲರೂ ಎದ್ದುಹೋದರು.

ಎದ್ದುಹೋಗಬಾರದಿತ್ತು. ಬಿ.ಎಸ್‌ಸಿ., ಬಿಸಿಎ, ಬಿ.ಕಾಂ. ಓದಿದ ಆ ಹುಡುಗ ಹುಡುಗಿಯರೇ ಐಟಿ ಉದ್ಯಮದ ಹೆಲ್ಪ್‌ಡೆಸ್ಕ್ ನಡೆಸುವವರು. ಪಾಸ್‌ವರ್ಡ್ ಲಾಕ್ ಆದಾಗ, ವಿಪಿಎನ್ ಕೈಕೊಟ್ಟಾಗ, ಪ್ರಿಂಟರ್ ಮುನಿಸಿಕೊಂಡಾಗ, ರಾತ್ರಿ ಎರಡು ಗಂಟೆಗೆ ಸರ್ವರ್ ಅಲಾರಂ ಹೊಡೆದುಕೊಂಡಾಗ ಕರೆ ಎತ್ತುವುದು ಇವರೇ. ಎಂಜಿನಿಯರಿಗೆ ಅವಮಾನವಾಗುವ ಸಂಬಳ ಇವರಿಗೆ ಮಾತ್ರ ನ್ಯಾಯವಾದದ್ದು ಹೇಗೆ ಎಂದು ಕೇಳಿದವರು ತೀರಾ ಕಡಿಮೆ.

2.52 ಲಕ್ಷವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 21 ಸಾವಿರ. ಇದರ ಪಕ್ಕದಲ್ಲಿ ಇನ್ನೊಂದು ಕಾಗದ ಇಟ್ಟು ನೋಡಬೇಕು. ಕರ್ನಾಟಕದ ಕಾರ್ಮಿಕ ಇಲಾಖೆ 2025ರ ಏಪ್ರಿಲ್‌ನಲ್ಲಿ ಕನಿಷ್ಠ ವೇತನದ ಕರಡು ಅಧಿಸೂಚನೆ ಹೊರಡಿಸಿತು. ರಾಜ್ಯವನ್ನು ಮೂರು ವಲಯ ಮಾಡಿ, ಯಾವ ಕೌಶಲವೂ ಇಲ್ಲದ ಕೆಲಸಗಾರನಿಗೆ ಮೂರನೇ ವಲಯದಲ್ಲಿ 19,319 ರೂಪಾಯಿ, ಎರಡನೆಯದರಲ್ಲಿ 21,251, ಬೆಂಗಳೂರು ಇರುವ ಮೊದಲ ವಲಯದಲ್ಲಿ 23,376 ಎಂದು ಲೆಕ್ಕ ಹಾಕಿತು. ಅಂದರೆ ಬೆಂಗಳೂರಿನಲ್ಲಿ ಮೂಟೆ ಹೊರುವವನಿಗೆ ಕೊಡಬೇಕೆಂದು ಸರ್ಕಾರ ಅಂದಾಜಿಸಿದ್ದಕ್ಕಿಂತ ಕಡಿಮೆ ಮೊತ್ತ ಪದವೀಧರನ ಮೊದಲ ಸಂಬಳ. ಕಂಪನಿಗಳು ಹೇಳುವ ‘ಪ್ಯಾಕೇಜ್’ನೊಳಗೆ ಸಾಮಾನ್ಯವಾಗಿ ಪಿಎಫ್‌ನ ಮಾಲೀಕರ ಪಾಲೂ ಸೇರಿರುತ್ತದೆ ಎಂಬುದನ್ನು ನೆನೆದರೆ ಅಂತರ ಇನ್ನೂ ದೊಡ್ಡದು. ಹೊರಟಾಗ ಅದು ಕರಡು, ಆಜ್ಞೆಯಲ್ಲ. ಉದ್ಯಮಿಗಳ ಸಂಘಟನೆಗಳು ಅದಕ್ಕೆ ಬಲವಾಗಿಯೇ ಆಕ್ಷೇಪ ಎತ್ತಿದವು. ಆದರೆ ಆ ಅಂಕಿಗಳು ಯಾರದೋ ಕನಸಲ್ಲ. ಕುಟುಂಬದ ಊಟ, ಬಟ್ಟೆ, ಬಾಡಿಗೆಯ ಜೊತೆಗೆ ಮಕ್ಕಳ ಓದು ಮತ್ತು ಔಷಧಕ್ಕೆಂದು ಶೇ 25 ಸೇರಿಸಬೇಕು ಎಂದು ಸುಪ್ರೀಂ ಕೋರ್ಟ್ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಹೇಳಿದ ಸೂತ್ರದ ಮೇಲೆ ನಿಂತ ಲೆಕ್ಕ ಅದು.

ಆ ಕರಡಿನಲ್ಲಿ ಗಮನಿಸಬೇಕಾದ ಮತ್ತೊಂದು ಸಂಗತಿ ಇದೆ. ಒಂದು ವಲಯದಿಂದ ಮೇಲಿನ ವಲಯಕ್ಕೆ ಹೋದರೆ ಶೇ 10 ಹೆಚ್ಚು. ಅಕುಶಲದಿಂದ ಅರೆಕುಶಲಕ್ಕೆ, ಅಲ್ಲಿಂದ ಕುಶಲಕ್ಕೆ, ಅತಿಕುಶಲಕ್ಕೆ ಏರಿದಂತೆ ತಲಾ ಶೇ 10 ಹೆಚ್ಚು. ಊರಿಗೂ ಕೌಶಲಕ್ಕೂ ಎಷ್ಟು ಬೆಲೆ ಎಂಬುದನ್ನು ಸರ್ಕಾರ ಹೀಗೆ ಬಿಡಿಸಿ ಹೇಳಿತು. ಒಪ್ಪಬಹುದು, ಜಗಳವಾಡಬಹುದು, ಲೆಕ್ಕವಂತೂ ಕಣ್ಣ ಮುಂದಿದೆ. ಐಟಿ ಕಂಪನಿಗಳೂ ಊರು ಮತ್ತು ಅನುಭವ ನೋಡಿಯೇ ಸಂಬಳ ನಿರ್ಧರಿಸುತ್ತವೆ. ವ್ಯತ್ಯಾಸ ಇಷ್ಟೇ: ಅವುಗಳ ಲೆಕ್ಕ ಎಚ್‌ಆರ್ ವಿಭಾಗದ ಕಂಪ್ಯೂಟರಿನಿಂದ ಹೊರಗೆ ಬರುವುದಿಲ್ಲ.

ಊರಿನ ಮಾತನ್ನೇ ಮೊದಲು ನೋಡೋಣ. ಮೈಸೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಗಳಲ್ಲಿ ಕಚೇರಿ ತೆರೆಯಿರಿ ಎಂದು ‘ಬಿಯಾಂಡ್ ಬೆಂಗಳೂರು’ ಹೆಸರಿನಲ್ಲಿ ರಾಜ್ಯ ಸರ್ಕಾರ ಕಂಪನಿಗಳನ್ನು ಕರೆಯುತ್ತಿದೆ. ಬಾಡಿಗೆ ಕಡಿಮೆ, ಕೆಲಸ ಬಿಟ್ಟುಹೋಗುವವರು ಕಡಿಮೆ, ಒಟ್ಟು ಖರ್ಚು ಕಡಿಮೆ ಎಂಬುದೇ ಆಮಿಷ. ಈ ಕೊನೆಯ ‘ಖರ್ಚು’ ಎಂಬುದರಲ್ಲಿ ಮುಖ್ಯ ಬಾಬತ್ತು ಹುಡುಗರ ಸಂಬಳ ಎಂದು ಯಾವ ಕರಪತ್ರವೂ ಬಾಯಿಬಿಟ್ಟು ಹೇಳುವುದಿಲ್ಲ. ಹುಬ್ಬಳ್ಳಿಯಲ್ಲಿ ಮನೆ ಬಾಡಿಗೆ ಅಗ್ಗ ಎಂಬುದು ನಿಜ, ಅಲ್ಲಗಳೆಯಲಾಗದು. ಆದರೆ ಪೆಟ್ರೋಲು, ಮೊಬೈಲು, ಬೈಕಿನ ಇಎಂಐ, ಬಿ.ಪಿ. ಮಾತ್ರೆ, ಶಿಕ್ಷಣ ಸಾಲದ ಬಡ್ಡಿ ಯಾವುದಾದರೂ ಹುಬ್ಬಳ್ಳಿಗೆ ಬಂದ ಕೂಡಲೇ ಅರ್ಧಕ್ಕೆ ಇಳಿಯುತ್ತದೆಯೆ? ಅಮೆರಿಕದ ಗ್ರಾಹಕ ತನ್ನ ದೂರಿನ ಟಿಕೆಟ್ ಪರಿಹಾರವಾಗಬೇಕಾದ ಗಡುವನ್ನು, ಹುಡುಗ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕೂತಿದ್ದಾನೆಂದು ಸಡಿಲ ಮಾಡುತ್ತಾನೆಯೆ?

ಊರಿನ ತರ್ಕ ಯಾವಾಗ ಬೇಕಾದರೂ ತಿರುಗಬಲ್ಲದು ಎಂಬುದಕ್ಕೆ ಹುಬ್ಬಳ್ಳಿಯೇ ಸಾಕ್ಷಿ. ಅಲ್ಲಿ ಇನ್ಫೋಸಿಸ್‌ಗೆ 58 ಎಕರೆ ಜಮೀನು ಕೊಟ್ಟು ವರ್ಷಗಳಾದರೂ ಸ್ಥಳೀಯರಿಗೆ ಕೆಲಸ ಸಿಗಲಿಲ್ಲ ಎಂದು 2023ರಲ್ಲಿ ಶಾಸಕ ಅರವಿಂದ ಬೆಲ್ಲದ ವಿಧಾನಸಭೆಯಲ್ಲಿ ದನಿ ಎತ್ತಿದ್ದರು. ಮರುವರ್ಷ ಕಂಪನಿ ತನ್ನ ಉದ್ಯೋಗಿಗಳಿಗೆ ಒಂದು ಆಹ್ವಾನ ಕಳಿಸಿತು: ಹುಬ್ಬಳ್ಳಿಗೆ ವರ್ಗವಾಗಿ ಬನ್ನಿ, ಪ್ರೋತ್ಸಾಹಧನ ಕೊಡುತ್ತೇವೆ. ಕೆಳಗಿನ ದರ್ಜೆಯವರಿಗೆ ಬರುವಾಗ 25 ಸಾವಿರ, ನಂತರ ಎರಡು ವರ್ಷ ಆರಾರು ತಿಂಗಳಿಗೆ 25 ಸಾವಿರ, ಒಟ್ಟು 1.25 ಲಕ್ಷ. ಹಿರಿಯ ದರ್ಜೆಯವರಿಗೆ ಇದೇ ಮೊತ್ತ 8 ಲಕ್ಷದವರೆಗೆ. ಅಗ್ಗದ ಊರು ಎಂದು ಸಂಬಳ ಇಳಿಸುವುದು ಸಹಜ ನ್ಯಾಯವಾಗಿದ್ದರೆ, ಅದೇ ಅಗ್ಗದ ಊರಿಗೆ ಹೋಗಲು ಹಣ ಕೊಡುವ ಪ್ರಮೇಯ ಬರುತ್ತಿರಲಿಲ್ಲ. ಕಂಪನಿ ತಪ್ಪೇನೂ ಮಾಡಲಿಲ್ಲ, ಬೇಕಾದ ಜನಕ್ಕೆ ಬೇಕಾದ ಬೆಲೆ ತೆತ್ತಿತು. ಚೌಕಾಸಿಗೆ ಬಲವಿದ್ದವನನ್ನು ಊರು ಮೇಲೆ ಎತ್ತುತ್ತದೆ, ಇಲ್ಲದವನನ್ನು ಕೆಳಗೆ ಇಳಿಸುತ್ತದೆ. ಹುಬ್ಬಳ್ಳಿಯಲ್ಲೇ ಹುಟ್ಟಿ, ಅಲ್ಲೇ ಬಿಸಿಎ ಮುಗಿಸಿ, ಅಲ್ಲೇ ಹೆಲ್ಪ್‌ಡೆಸ್ಕ್ ಸೇರುವ ಹುಡುಗಿಗೆ ವರ್ಗಾವಣೆಯ ಭತ್ಯೆ ಎಲ್ಲಿಂದ ಬಂದೀತು?

ಇನ್ನು ಅನುಭವ. ಈ ವೃತ್ತಿಯಲ್ಲಿ ಎಲ್1, ಎಲ್2, ಎಲ್3 ಎಂಬ ಮೆಟ್ಟಿಲುಗಳಿವೆ. ಕರೆ ಎತ್ತಿ ಟಿಕೆಟ್ ಬರೆಯುವವರು ಎಲ್1, ಅವರಿಂದ ಬಿಡಿಸಲಾಗದ್ದನ್ನು ಬಿಡಿಸುವವರು ಎಲ್2, ಮೂಲಕ್ಕೇ ಕೈಹಾಕುವವರು ಎಲ್3. ಕಾಗದದ ಮೇಲೆ ಅಂದವಾದ ಏಣಿ. ಆದರೆ ದೊಡ್ಡ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಆಸ್ಪತ್ರೆಗಳಲ್ಲಿ, ಸರ್ಕಾರಿ ಇಲಾಖೆಗಳಲ್ಲಿ ಈ ಕೆಲಸ ಮಾಡುವ ಬಹಳ ಜನ ಆ ಸಂಸ್ಥೆಯ ನೌಕರರೇ ಅಲ್ಲ, ‘ಥರ್ಡ್ ಪಾರ್ಟಿ ಪೇರೋಲ್’ನವರು, ಅಂದರೆ ಹೊರಗುತ್ತಿಗೆ ಏಜೆನ್ಸಿಯವರು. ಟೆಂಡರ್ ಮುಗಿದು ಹೊಸ ಏಜೆನ್ಸಿ ಬಂದರೆ ಅದೇ ಕುರ್ಚಿ, ಅದೇ ಕಂಪ್ಯೂಟರ್, ಅದೇ ಹುಡುಗ. ಆಫರ್ ಲೆಟರ್ ಮಾತ್ರ ಹೊಸದು. ಅದರಲ್ಲಿ ಸೇರಿದ ದಿನಾಂಕವೂ ಹೊಸದು. ಗ್ರಾಚ್ಯುಟಿಗೆ ಐದು ವರ್ಷದ ನಿರಂತರ ಸೇವೆ ಬೇಕೆಂದು 1972ರ ಕಾಯ್ದೆ ಹೇಳಿತ್ತು. ಎರಡು ಮೂರು ವರ್ಷಕ್ಕೊಮ್ಮೆ ಏಜೆನ್ಸಿ ಬದಲಾಗುವಲ್ಲಿ ಆ ಐದು ವರ್ಷ ತುಂಬುವುದಾದರೂ ಹೇಗೆ? ಹತ್ತು ವರ್ಷ ದುಡಿದವನು ದಾಖಲೆಯಲ್ಲಿ ಎರಡು ವರ್ಷದ ಅನುಭವಿಯಾಗಿ ಉಳಿಯುತ್ತಾನೆ, ಸಂಬಳವೂ ಅಲ್ಲೇ ಉಳಿಯುತ್ತದೆ. ತಾತ್ಕಾಲಿಕ ನೌಕರರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಎಂದು 2016ರಲ್ಲಿ ಜಗಜಿತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ಪಂಜಾಬ್ ಸರ್ಕಾರದ ನೌಕರರ ವ್ಯಾಜ್ಯ; ಖಾಸಗಿ ಹೆಲ್ಪ್‌ಡೆಸ್ಕಿನವರೆಗೆ ಆ ತೀರ್ಪಿನ ಗಾಳಿ ಬೀಸಲಿಲ್ಲ.

ಇವರ ಕೆಲಸ ಸುಲಭದ್ದು, ಯಾರು ಬೇಕಾದರೂ ಮಾಡಬಹುದು ಎಂಬ ಮಾತು ಕಂಪನಿ ವಲಯದಲ್ಲಿ ಚಾಲ್ತಿಯಲ್ಲಿದೆ. 2024ರ ಜುಲೈ 19 ಅದಕ್ಕೆ ಉತ್ತರ ಕೊಟ್ಟ ದಿನ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳಿಸಿದ ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಸ್ತಬ್ಧವಾದವು. ದೇಶದ ಕೆಲವು ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಬೆಂಗಳೂರಿನಲ್ಲೂ ಚೆಕ್‌ಇನ್ ಎಡವಿತು. ಕ್ಲೌಡ್ ತಜ್ಞರಿಗೆ, ಎಐ ಪ್ರವಾದಿಗಳಿಗೆ ದೂರದಿಂದ ಅದನ್ನು ಸರಿಮಾಡಲಾಗಲಿಲ್ಲ. ಸತ್ತುಬಿದ್ದ ಯಂತ್ರದ ಮುಂದೆ ಒಬ್ಬ ಮನುಷ್ಯ ಕೂತು, ಸೇಫ್ ಮೋಡ್‌ಗೆ ಹೋಗಿ, ಡಿಸ್ಕ್ ಲಾಕ್ ಆಗಿದ್ದರೆ ಉದ್ದನೆಯ ರಿಕವರಿ ಕೀ ಒತ್ತಿ, ಒಂದು ಫೈಲ್ ಅಳಿಸಿ, ಮತ್ತೆ ಚಾಲೂ ಮಾಡಬೇಕಿತ್ತು. ಒಂದಾದ ಮೇಲೆ ಇನ್ನೊಂದು, ಹೀಗೆ ಸಾಲು ಸಾಲು ಯಂತ್ರಗಳಿಗೆ. ಕಲಬುರಗಿಯ ಯಂತ್ರಕ್ಕೆ ಕಲಬುರಗಿಯಲ್ಲೇ ಒಬ್ಬ ಬೇಕಿತ್ತು. ಊರಿಗೆ ಬೆಲೆ ಕಟ್ಟುವುದೇ ಆದರೆ ಅಂದು ಅದು ಏರಬೇಕಿತ್ತು.

ಕಂಪನಿಗಳ ಮತ್ತೊಂದು ವಾದ, ಸಂಬಳ ನಿರ್ಧರಿಸುವುದು ಮಾರುಕಟ್ಟೆ ಎಂಬುದು. ಮಾರುಕಟ್ಟೆ ಎಂದರೆ ಕೊಳ್ಳುವವನಿಗೂ ಮಾರುವವನಿಗೂ ದರ ಗೊತ್ತಿರಬೇಕು. ಎಪಿಎಂಸಿಯಲ್ಲಿ ಈರುಳ್ಳಿ ದರವಾದರೂ ಕಪ್ಪು ಹಲಗೆಯ ಮೇಲೆ ಇರುತ್ತದೆ. ಇಲ್ಲಿ ಅದೂ ಇಲ್ಲ. ದೊಡ್ಡ ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ಹೊಸಬರ ಸಂಬಳ ಏರದಂತೆ ನೋಡಿಕೊಳ್ಳುತ್ತಿವೆ ಎಂದು 2017ರಲ್ಲಿ ಬಹಿರಂಗವಾಗಿ ದೂರಿದವರು ಕಾರ್ಮಿಕ ಮುಖಂಡರಲ್ಲ, ಇನ್ಫೋಸಿಸ್‌ನ ಹಣಕಾಸನ್ನೂ ಎಚ್‌ಆರ್ ಅನ್ನೂ ನೋಡಿಕೊಂಡಿದ್ದ ಮೋಹನ್‌ದಾಸ್ ಪೈ. ಹೊಸ ಎಂಜಿನಿಯರಿಗೇ ದಶಕಕ್ಕೂ ಹೆಚ್ಚು ಕಾಲ ಮೂರು, ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಸಂಬಳ ನಿಂತಿತು. ಅತ್ತ 2012ರಲ್ಲಿ 100 ಇದ್ದ ಗ್ರಾಹಕ ಬೆಲೆ ಸೂಚ್ಯಂಕ 2024ರಲ್ಲಿ 190 ದಾಟಿತು.

ಮಾರುಕಟ್ಟೆಯ ತವರಾದ ಅಮೆರಿಕದಲ್ಲೂ ಊರಿಂದೂರಿಗೆ ಸಂಬಳ ಬೇರೆಯೇ. ಮನೆಯಿಂದ ಕೆಲಸ ಮಾಡುತ್ತ ಅಗ್ಗದ ಊರಿಗೆ ಹೋದರೆ ಸಂಬಳ ಕಡಿತ ಎಂದು 2020ರ ಮೇನಲ್ಲಿ ಫೇಸ್‌ಬುಕ್ ಸಾರಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ರೆಡಿಟ್, ದೇಶದೊಳಗೆ ಊರು ನೋಡಿ ಕಡಿತ ಮಾಡುವುದಿಲ್ಲ ಎಂದಿತು. ಜಗಳ ಅಲ್ಲಿಯೂ ಮುಗಿದಿಲ್ಲ. ಆದರೆ ಅಲ್ಲಿ ಲೆಕ್ಕ ಗುಟ್ಟಲ್ಲ. ಕಂಪ್ಯೂಟರ್ ಬಳಕೆದಾರರ ಸಹಾಯಕರ ಮಧ್ಯಮ ಸಂಬಳ 2024ರ ಮೇ ತಿಂಗಳ ಲೆಕ್ಕದಂತೆ ವರ್ಷಕ್ಕೆ 60,340 ಡಾಲರ್ ಎಂದು ಸರ್ಕಾರವೇ ಪ್ರಕಟಿಸುತ್ತದೆ, ಪ್ರದೇಶವಾರು ಕೂಡ. ಎಚ್-1ಬಿ ವೀಸಾಕ್ಕಾಗಿ ಪ್ರತಿ ವೃತ್ತಿಗೂ ಪ್ರತಿ ಪ್ರದೇಶಕ್ಕೂ ಅನುಭವಕ್ಕೆ ತಕ್ಕಂತೆ ನಾಲ್ಕು ಹಂತದ ವೇತನ ಪಟ್ಟಿ ಇದೆ, ಯಾರು ಬೇಕಾದರೂ ನೋಡಬಹುದು. ಬೆಂಗಳೂರಿನ ಕಂಪನಿ ಈ ವೀಸಾದಲ್ಲಿ ಟೆಕ್ಸಾಸಿಗೆ ಒಬ್ಬ ಕನ್ನಡಿಗನನ್ನು ಕಳಿಸಬೇಕಾದರೆ ಈ ಸಂಬಳ ಬರೆದು ಅಲ್ಲಿನ ಸರ್ಕಾರಕ್ಕೆ ಸಲ್ಲಿಸಬೇಕು, ಕೆಲಸದ ಜಾಗದಲ್ಲಿ ನೋಟಿಸ್ ಹಚ್ಚಬೇಕು. ಕೊಲರಾಡೊದಲ್ಲಿ 2021ರಿಂದ, ಕ್ಯಾಲಿಫೋರ್ನಿಯಾದಲ್ಲಿ 2023ರಿಂದ ಉದ್ಯೋಗದ ಜಾಹೀರಾತಿನಲ್ಲೇ ಸಂಬಳದ ವ್ಯಾಪ್ತಿ ಹೇಳಬೇಕೆಂಬ ಕಾನೂನು ಇದೆ. ಅಲ್ಲಿ ಹೀಗೆ ನಡೆದುಕೊಳ್ಳುವ ಕಂಪನಿಗಳಿಗೆ ಇಲ್ಲಿ ಹಾಗೆ ನಡೆದುಕೊಳ್ಳುವುದು ಅಸಾಧ್ಯವೇನಲ್ಲ. ಯಾರೂ ಕೇಳಿಲ್ಲ, ಅಷ್ಟೆ.

ಕೇಳಬೇಕಾದವರು ಯಾರು ಎಂಬುದೂ ಸ್ಪಷ್ಟವಿದೆ. 2024ರ ನವೆಂಬರ್‌ನ ಜಿಸಿಸಿ (ಜಾಗತಿಕ ಸಾಮರ್ಥ್ಯ ಕೇಂದ್ರ) ನೀತಿಯೂ ಸೇರಿ ಸರ್ಕಾರದ ನೀತಿಗಳು ಬೆಂಗಳೂರಿನಾಚೆ ಹೋಗುವ ಕಂಪನಿಗಳಿಗೆ ಬಾಡಿಗೆ, ಪಿಎಫ್ ಮುಂತಾದವುಗಳಲ್ಲಿ ನೆರವು ಘೋಷಿಸಿವೆ. ಅದು ಜನರ ತೆರಿಗೆ ಹಣ. ಅದನ್ನು ಪಡೆಯುವ ಕಂಪನಿ ತನ್ನ ಹೆಲ್ಪ್‌ಡೆಸ್ಕಿನ ಹುಡುಗನಿಗೆ ಬೆಂಗಳೂರಿನಲ್ಲಿ ಎಷ್ಟು, ಕಲಬುರಗಿಯಲ್ಲಿ ಎಷ್ಟು, ಮೊದಲ ವರ್ಷ ಎಷ್ಟು, ಐದನೇ ವರ್ಷ ಎಷ್ಟು ಕೊಡುತ್ತದೆ ಎಂದು ನೇಮಕಾತಿ ಜಾಹೀರಾತಿನಲ್ಲಿ ಮುದ್ರಿಸಲಿ. ಏಜೆನ್ಸಿ ಬದಲಾದರೂ ಅದೇ ಜಾಗದಲ್ಲಿ ದುಡಿದ ವರ್ಷಗಳನ್ನು ಕೂಡಿಸಿ ಲೆಕ್ಕ ಹಾಕಬೇಕೆಂದು ಸರ್ಕಾರ ತನ್ನದೇ ಟೆಂಡರುಗಳಲ್ಲಿ ಮೊದಲು ಷರತ್ತು ಹಾಕಲಿ. ಖಾಸಗಿಯವರಿಗೆ ಬುದ್ಧಿ ಹೇಳುವ ಮುಂಚೆ ತಾಲ್ಲೂಕು ಕಚೇರಿಯ ಹೊರಗುತ್ತಿಗೆ ಕಂಪ್ಯೂಟರ್ ಆಪರೇಟರ್ ಕಡೆಗೆ ಒಮ್ಮೆ ನೋಡಲಿ. ಇದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ. ಕಾರ್ಮಿಕ ಸಚಿವ ಸಂತೋಷ್ ಲಾಡ್ ಧಾರವಾಡ ಜಿಲ್ಲೆಯಿಂದ ಗೆದ್ದವರು, ಐಟಿ ಸಚಿವ ಪ್ರಿಯಾಂಕ್ ಖರ್ಗೆ ಕಲಬುರಗಿ ಜಿಲ್ಲೆಯವರು. ಇಬ್ಬರ ಕ್ಷೇತ್ರವೂ ಬೆಂಗಳೂರಿನಾಚೆಯೇ ಇದೆ. ನೆರವಿನ ಮುಂದಿನ ಕಂತು ಬಿಡುಗಡೆಯಾಗುವ ಮೊದಲು ಇಬ್ಬರೂ ಸೇರಿ ಈ ಎರಡು ಷರತ್ತುಗಳ ಆದೇಶ ಹೊರಡಿಸಬೇಕು.